ಗೋಡೆಯಲ್ಲಿ ಮರ ಬೇಡ ಎಂದೆ

ಹೋದ ವಾರ ಗೋವಾದ ಮಾಪಸಾದಲ್ಲಿ ಒಂದು ಹಳೇ ಮನೆಯ ಅಟ್ಟ ಒಡೆಯುತ್ತಿದ್ದೆವು. ಕಸದ ನಡುವೆ ಅಂಗೈ ಅಗಲದ ಮರದ ಡಬ್ಬಿ ಸಿಕ್ಕಿತು, ಮೇಲೆಲ್ಲ ಎಲೆಗಳ ಕೆತ್ತನೆ. ಮುಚ್ಚಳ ತೆಗೆದೆ. ಒಳಗೆ ವಾಸನೆಯೊಂದನ್ನು ಬಿಟ್ಟು ಏನೂ ಇರಲಿಲ್ಲ. ಅಕ್ರೋಟು ಮರದ ವಾಸನೆ, ಸ್ವಲ್ಪ ಎಣ್ಣೆಯದು, ಸ್ವಲ್ಪ ಕಹಿ... ಸುತ್ತಿಗೆ ಕೆಳಗಿಟ್ಟು ಅಲ್ಲೇ ಕೂತುಬಿಟ್ಟೆ.

ಅದು ಕಲಂಗುಟ್‌ನ ಶಾಲಿನ ಅಂಗಡಿಯ ವಾಸನೆ. ಅಂಗಡಿಯವರು ಕಾಶ್ಮೀರದವರು. ಬಸ್ಸು ಇಳಿದ ಮೇಲೂ ಅರ್ಧ ದಿನ ಗುಡ್ಡ ಹತ್ತಬೇಕಾದ ಹಳ್ಳಿ ಅವರದು. ಮಳೆಗಾಲಕ್ಕೆ ಊರಿಗೆ ಹೋಗಿ, ಸೀಸನ್ ಶುರುವಾಗುವಾಗ ಬರುತ್ತಿದ್ದರು. ಅವರ ಎದುರಿಗೇ ಒಂದು ಹೋಟೆಲ್ ಕಟ್ಟುವ ಕೆಲಸ ನನ್ನದಾಗಿತ್ತು. ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ಸಿಂದಗಿ ಕಡೆಯಿಂದ ಬಂದು, ತಲೆಯ ಮೇಲೆ ಬುಟ್ಟಿ ಹೊತ್ತು, ಎಂಟು ಜನರ ಮೇಸ್ತ್ರಿ ಆದವನು. ನನ್ನ ಗೋಡೆಗೆ ದಾರ ಹಿಡಿದು ಇದುವರೆಗೆ ಯಾರೂ ಸೊಟ್ಟ ಎಂದಿಲ್ಲ. ಆದರೂ ದಾರಿಯಲ್ಲಿ ಹೋಗುವವರಿಗೆ ನಾವು 'ಘಾಟಿ'ಗಳು, ಘಟ್ಟದ ಮೇಲಿಂದ ಬಂದ ಕೂಲಿಗಳು. ಆ ಅಂಗಡಿಯವರೊಬ್ಬರು ಮಾತ್ರ ನನ್ನನ್ನು ಉಸ್ತಾದ್ ಎಂದು ಕರೆದರು. ನಾನು ಅವರಿಗೆ ಭಾಯಿಜಾನ್ ಎನ್ನುತ್ತಿದ್ದೆ. ಇಬ್ಬರದೂ ಮುರುಕು ಹಿಂದಿ. ಈಗ ನೆನೆದರೆ ಅದು ನಮ್ಮ ಮಾತಾಗಿಯೇ ಕಿವಿಗೆ ಬರುತ್ತದೆ.

ಒಮ್ಮೆ ಚಹಾ ಕುಡಿಯುವಾಗ ತಮ್ಮ ಮನೆಯ ಫೋಟೋ ತೋರಿಸಿದರು. ಮರದ ಚೌಕಟ್ಟು, ನಡುವೆ ಅಡ್ಡಡ್ಡ ಮರದ ಪಟ್ಟಿ, ಸಂದಿಗೆ ಕಲ್ಲು ತುರುಕಿ ಮಣ್ಣು ಮೆತ್ತಿದ್ದರು. ಮೇಲೆ ತಗಡು.

"ಇದ್ ಮನಿ ಏನ್ರಿ ಭಾಯಿಜಾನ್? ಕೋಳಿಗೂಡ ಆತು," ಎಂದೆ.

ಅವರೂ ನಕ್ಕರು. "ನಮ್ಮ ಅಣ್ಣ, ನಾನು ಇಬ್ಬರೂ ಅದರಾಗ ಅದೇವ್ರಿ ಉಸ್ತಾದ್. ನನಗ ಬ್ಯಾರೆ ಮನಿ ಕಟ್ಟಬೇಕಾಗೈತಿ. ನೀವ ಹೇಳ್ರಿ, ಹೆಂಗ ಕಟ್ಟಲಿ."

ಆ ಮಾತಿಗೆ ಉಬ್ಬಿಹೋದೆ. ಶಾಲಿನ ರಟ್ಟಿನ ಡಬ್ಬಿ ಹರಿದು ಅದರ ಮೇಲೆ ಮನೆ ಬರೆದುಕೊಟ್ಟೆ. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ಅದರ ಮೇಲೆ ನೇರವಾಗಿ ಸ್ಲ್ಯಾಬು, ಕಂಬ ಇಲ್ಲ. ಇಲ್ಲಿ ಚಿರೇಕಲ್ಲೆಂಬ ಕೆಂಪು ಮುರಕಲ್ಲಿನ ಗೋಡೆಯ ಮೇಲೆ ನಾವು ಹಾಗೆಯೇ ಕೂಡಿಸುತ್ತಿದ್ದೆವು, ಅವು ಇಂದಿಗೂ ನಿಂತಿವೆ. ಜೊತೆಗೆ ಒಂದು ಮಾತು ಒತ್ತಿ ಹೇಳಿದೆ: ಗೋಡೆಯಲ್ಲಿ ಮರದ ಚೂರೂ ಇರಬಾರದು. ಗೋವಾದ ಮಳೆಗೆ ಗೋಡೆಯ ಮರ ಮೂರೇ ವರ್ಷದಲ್ಲಿ ಗೆದ್ದಲಿನ ಪಾಲಾಗುತ್ತದೆ. ನಾನು ಮನೆ ಕಟ್ಟಿದ ನೆಲ ಇದೊಂದೇ.

ಆ ಮಳೆಗಾಲ ಊರಿನಿಂದ ಫೋನ್ ಮಾಡಿದರು. ಅಲ್ಲಿಯ ಮುದುಕ ಮೇಸ್ತ್ರಿ ಕೆಲಸ ನಿಲ್ಲಿಸಿ ಕೂತಿದ್ದನಂತೆ. ಗೋಡೆ ಎರಡಡಿ ಎದ್ದಾಗೊಮ್ಮೆ ಉದ್ದಕ್ಕೂ ಮರದ ಪಟ್ಟಿ ಇಡದೆ ಮುಂದಿನ ಕಲ್ಲು ಮುಟ್ಟುವುದಿಲ್ಲ ಎಂದು ಅವನ ಹಟ. ಭಾಯಿಜಾನರ ತಾಯಿಯೂ ಅವನ ಕಡೆ.

"ನೆಲ ನಡಗಿದ್ರ ಮರ ಗ್ವಾಡಿ ಹಿಡಕೋತೈತಿ ಅಂತಾನ್ರಿ."

"ಆ ಮುದುಕ ಸಿಮೆಂಟ ನೋಡ್ಯಾನೇನ್ರಿ? ಮರ ತುರಕಿದ್ರ ನನ್ನ ಹೆಸರ ಹೇಳಬ್ಯಾಡ್ರಿ."

ಫೋನಿನ ಆಚೆ ಅವರು ತಾಯಿಗೆ ಏನೋ ಹೇಳಿದರು. ಆಮೇಲೆ, "ನೀವ ಹೇಳಿದಂಗ ಆಗಲಿ ಉಸ್ತಾದ್," ಎಂದರು.

ಸೀಸನ್ನಿಗೆ ಬರುವಾಗ ಹೊಸ ಮನೆಯ ಫೋಟೋ ತಂದಿದ್ದರು. ಸುಣ್ಣ ಬಳಿದ ಸ್ಲ್ಯಾಬಿನ ಮನೆ, ಪಕ್ಕದಲ್ಲಿ ಅಣ್ಣನ ಪಾಲಿಗೆ ಉಳಿದ ಹಳೇ ಮನೆ. ಮನೆಗೊಯ್ದು ಹೆಂಡತಿಗೆ ತೋರಿಸಿದೆ. ಕಾಶ್ಮೀರದಲ್ಲೂ ನನ್ನದೊಂದು ಮನೆ ಇದೆ ಎಂದು ಹೇಳಿದ ನೆನಪು...

ಮರುವರ್ಷ ಅವರು ಬಂದು ಅಂಗಡಿ ತೆರೆದು ವಾರವೂ ಆಗಿರಲಿಲ್ಲ. ರಂಜಾನ್ ತಿಂಗಳು. ಪಕ್ಕದ ಖಾನಾವಳಿಯ ಟೀವಿಯಲ್ಲಿ ಕಾಶ್ಮೀರದ ಭೂಕಂಪದ ಸುದ್ದಿ; ಗುಡ್ಡ ಜಾರಿದ್ದು, ಊರಿಗೆ ಊರೇ ಕಲ್ಲಿನ ಗುಂಪೆಯಾದದ್ದು ತೋರಿಸತೊಡಗಿದರು. ಅವರು ಅಂಗಡಿ ತೆರೆದಿಟ್ಟೇ ಓಡಿದರು. ಶಟರ್ ನಾನೇ ಎಳೆದೆ. ನಮ್ಮ ಮನೆ ಬಿದ್ದಿರುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ನೇರ ನಮ್ಮ ಕೆಲಸದ ಜಾಗಕ್ಕೆ ಬಂದರು. ಕೈಬೆರಳುಗಳ ಉಗುರು ಅರ್ಧಕ್ಕರ್ಧ ಹೋಗಿದ್ದವು. ನನ್ನ ಹತ್ತಿರ ನಿಂತು, ನನಗೊಬ್ಬನಿಗೇ ಕೇಳುವಂತೆ ಮಾತಾಡಿದರು.

"ಅವ್ವ, ಹೆಂಡ್ತಿ, ಎರಡೂ ಹೆಣ್ಣಮಕ್ಳು. ಗ್ವಾಡಿ ನಾಕೂ ಕಡೆ ಬಿಚ್ಚಿ ಬಿದ್ದಾವ, ಸ್ಲ್ಯಾಬ ಅವರ ಮ್ಯಾಲ ಕುಂತೈತಿ. ಸಣ್ಣಾಕಿ ಎರಡ ದಿನ ಒಳಗಿಂದ ಕೂಗ್ಯಾಳಂತ. ನಾ ಮುಟ್ಟೂದ್ರಾಗ ಕೂಗು ನಿಂತಿತ್ತು. ಅಣ್ಣನ ಕೋಳಿಗೂಡ ನಿಂತೈತಿ ಉಸ್ತಾದ್. ಸೊಟ್ಟ ಆಗೇತಿ, ಆದ್ರ ನಿಂತೈತಿ. ಅದರಾಗಿದ್ದಾವ್ರು ಎಲ್ಲಾರೂ ಬದಕ್ಯಾರ."

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಬಂದ ಮಾತು ಇದು:

"ಕಬ್ಬಿಣ ಕಡಿಮಿ ಹಾಕಿರಬೇಕ್ರಿ ಅವ್ರು."

ಕೆಳಗೆ ಬಿದ್ದಿದ್ದ ಸಲಿಕೆ ಎತ್ತಿ ಹೊಡೆದರು. ಭುಜದ ಎಲುಬು ಮುರಿದ ಸದ್ದು ನನಗೇ ಕೇಳಿಸಿತು. ಬಿದ್ದವನ ಬೆನ್ನಿಗೆ ಇನ್ನೊಂದು, ಪಕ್ಕೆಗೆ ಮತ್ತೊಂದು. ಅಷ್ಟರಲ್ಲಿ ನನ್ನ ಆಳುಗಳು ಮೇಲೆ ಬಿದ್ದರು. ಆ ವರ್ಷವಷ್ಟೇ ಊರಿಂದ ಬಂದಿದ್ದ ಹೊಸಬರು. ಆ ಮನೆಯ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಭಾಯಿಜಾನರನ್ನು ಜಲ್ಲಿಯ ಮೇಲೆ ಕೆಡವಿ ಒದ್ದರು.

"ಯಾಕ ಹೊಡದ್ಯೋ? ಬೊಗಳ," ಎಂದ ಒಬ್ಬ, ಅವರ ಕೂದಲು ಹಿಡಿದು.

ಬಾಯಿ ತುಂಬ ರಕ್ತ. "ನಿಮ್ಮ ಮೇಸ್ತ್ರಿನ ಕೇಳ್ರಿ," ಎಂದರು.

ಎತ್ತಿದ ಕೈಗಳು ನಿಂತವು. ಎಂಟೂ ಜನ ನನ್ನ ಮುಖ ನೋಡಿದರು. ಒಂದೇ ಮಾತು ಸಾಕಿತ್ತು. ಆದರೆ ಆ ಮಾತು ಹೇಳಿದರೆ ಮರುದಿನ ಅವರ ಮುಂದೆ ಮೇಸ್ತ್ರಿ ಎಂದು ಹೇಗೆ ನಿಲ್ಲಲಿ?

"ಅವಗ ತಲಿ ಕೆಟ್ಟೈತಿ. ನನಗೇನ ಗೊತ್ತು," ಎಂದೆ.

ಆಮೇಲೆ ನಡೆದದ್ದನ್ನು ಬಿದ್ದಲ್ಲಿಂದಲೇ ನೋಡಿದೆ. ಅವರ ಬಲಗೈಯನ್ನು ಕಲ್ಲಿನ ಮೇಲಿಟ್ಟು ತುಳಿದರು. ಅವರು ಕೂಗಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಅಷ್ಟಕ್ಕೂ ಸಿಟ್ಟು ಇಳಿಯದೆ ಎದುರಿನ ಅಂಗಡಿಯ ಶಟರ್ ಎತ್ತಿ ಒಳನುಗ್ಗಿ ಗಾಜು ಒಡೆದರು, ಕೆತ್ತನೆಯ ಡಬ್ಬಿಗಳನ್ನು ರಸ್ತೆಗೆ ಎಸೆದರು. ಎರಡು ದಿನ ಬಿಟ್ಟು ಅವರು ಅಂಗಡಿ ಖಾಲಿ ಮಾಡಿ ಹೋದರಂತೆ. ನಾನು ಆಗ ಮನೆಯಲ್ಲಿ ಭುಜ ಕಟ್ಟಿಸಿಕೊಂಡು ಮಲಗಿದ್ದೆ.

"ಆ ಮನಿ ಬಿತ್ತೇನ್ರಿ?" ಎಂದು ಹೆಂಡತಿ ಕೇಳಿದಳು. ನಾನು ಗೋಡೆಯ ಕಡೆ ಹೊರಳಿದೆ.

ಎಷ್ಟೋ ಮನೆ ಕಟ್ಟಿದೆ ಆಮೇಲೆ... ಆ ಅಂಗಡಿಯಲ್ಲಿ ಈಗ ಗೋಡಂಬಿ ಮಾರುತ್ತಾರೆ. ಭಾಯಿಜಾನ್ ಆ ಗುಡ್ಡದ ಮೇಲೆ ಇದ್ದಾರೋ, ಇದ್ದರೆ ಆ ಕೈಯಿಂದ ಏನು ಕೆಲಸ ಮಾಡುತ್ತಾರೋ, ತಿಳಿಯದು. ಅಂದು ಹೊಡೆದ ಎಂಟು ಜನರಲ್ಲಿ ಒಬ್ಬ ಇನ್ನೂ ನನ್ನ ಹತ್ತಿರ ಇದ್ದ, ನನ್ನ ಬಲಗೈ ಎಂದೇ ಎಲ್ಲರೂ ಅನ್ನುವಂಥವನು. ಹೋದ ವಾರ ಮಾಪಸಾದಲ್ಲಿ ಊಟಕ್ಕೆ ಕೂತಾಗ ಅವನಿಗೆ ಎಲ್ಲ ಹೇಳಿದೆ. ರಟ್ಟಿನ ಮೇಲೆ ಬರೆದದ್ದು, ಫೋನಿನಲ್ಲಿ ಆಡಿದ್ದು, ಅಂದು ನುಂಗಿದ ಮಾತು.

ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ.

"ಆ ಕೈ ತುಳದಾಂವ ನಾನ ಅದೇನಿ ಮೇಸ್ತ್ರಿ," ಎಂದ. "ನಿಮ್ಮ ಸಲುವಾಗಿ ತುಳದೆ."

ಬುತ್ತಿ ಅಲ್ಲೇ ಬಿಟ್ಟು ಎದ್ದುಹೋದ. ಮರುದಿನದಿಂದ ಕೆಲಸಕ್ಕೆ ಬಂದಿಲ್ಲ.