ಒಂಬತ್ತೂವರೆ ಬಸ್ಸಿನ ಡಬ್ಬಿ

ಈ ಜೂನಿಗೆ ನನ್ನ ನೌಕರಿಗೆ ಒಂದು ವರ್ಷ ತುಂಬಿತು. ಹೋದ ವರ್ಷ ಇದೇ ಹೊತ್ತಿಗೆ ಮನೆಯಲ್ಲಿ ಆದ ಜಗಳ ನೆನಪಾದರೆ ಈಗ ನಗು ಬರುತ್ತದೆ; ಆಗ ಬಂದಿರಲಿಲ್ಲ. ನಮ್ಮೂರು ನೂಲ, ಮಹಾರಾಷ್ಟ್ರದ ಗಡಿಯ ಗಡಹಿಂಗ್ಲಜ ಕಡೆಯ ಹಳ್ಳಿ. ನರ್ಸ್ ಕೆಲಸದ ಆರ್ಡರ್ ಬಂದದ್ದು ಮಹಾಗಾಂವಿಗೆ. ಯಜಮಾನರು ಇಚಲಕರಂಜಿಯಲ್ಲಿ ಮಗ್ಗದ ಕೆಲಸದಲ್ಲಿದ್ದಾರೆ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾರೆ. ಮಗಳು ಅದೇ ವರ್ಷ ಹತ್ತನೆಯ ತರಗತಿಗೆ ಕಾಲಿಟ್ಟಿದ್ದಳು.

“ಎಲ್ಲಾರೂ ಇಚಲಕರಂಜಿಗೆ ನಡೀರಿ, ಒಂದ ಕಡೆ ಇರೂನು,” ಎಂದರು ಯಜಮಾನರು. ಅತ್ತೆಗೂ ಅದೇ ಬೇಕಿತ್ತು. ಇರುವ ಒಬ್ಬ ಮಗನ ಹತ್ತಿರ ಇರಬೇಕೆನ್ನುವ ಆಸೆ ತಪ್ಪೇನಲ್ಲ. ಆದರೆ ಆ ಕಡೆ ನರ್ಸ್ ಜಾಗ ಯಾವುದೂ ಖಾಲಿ ಇರಲಿಲ್ಲ. ಅಲ್ಲಿಗೆ ಹೋಗುವುದೆಂದರೆ ನೌಕರಿ ಬಿಡುವುದು. ಮಗಳು ಸಣ್ಣವಳಿದ್ದಾಗ ಅವಳನ್ನು ಸಂಕೇಶ್ವರದ ತವರಿನಲ್ಲಿ ಬಿಟ್ಟು, ಕೊಲ್ಹಾಪುರದಲ್ಲಿ ತರಬೇತಿ ಮುಗಿಸಿದವಳು ನಾನು. ಸುಮ್ಮನೆ ಬಿಟ್ಟೇನೆ? ಹಟ ಹಿಡಿದೆ. ಕೊನೆಗೆ ಒಂದು ವರ್ಷದ ಕರಾರಾಯಿತು. ನೌಕರಿ ಮಾಡುತ್ತ ನಾನು ಮಗಳನ್ನು ಹೇಗೆ ನೋಡಿಕೊಂಡೆ ಎಂಬುದನ್ನು ವರ್ಷ ತುಂಬಿದ ಮೇಲೆ ಅತ್ತೆ ಹೇಳಬೇಕು, ಅವರು ಹೇಳಿದ್ದೇ ಕೊನೆಯ ಮಾತು.

ಅತ್ತೆ ನಮ್ಮ ಜೊತೆ ಮಹಾಗಾಂವಿನ ಬಾಡಿಗೆ ಮನೆಗೆ ಬಂದರು; ಮಾಲಕರದು ಪಕ್ಕದ ಮನೆಯೇ. ಆದರೆ ಗಂಟು ಇಳಿಸುವ ಮೊದಲೇ ಹೇಳಿಬಿಟ್ಟರು: “ನಿನ್ನ ನೌಕರಿ ಸಲುವಾಗಿ ನಾ ಈ ಒಲಿ ಮುಟ್ಟಂಗಿಲ್ಲ, ನೋಡು.”

“ಮುಟ್ಟಬ್ಯಾಡ್ರಿ,” ಎಂದೆ ನಾನೂ. ನನ್ನ ನಾಲಿಗೆ ಮೊದಲಿನಿಂದಲೂ ಹೀಗೆಯೇ.

ನಮ್ಮ ಕಡೆ ಓದುವ ಮಕ್ಕಳ ಊಟದ ಡಬ್ಬಿಯನ್ನು ಎಸ್.ಟಿ. ಬಸ್ಸೇ ಮುಟ್ಟಿಸುತ್ತದೆ. ಮಗಳಿಗೆ ಗಡಹಿಂಗ್ಲಜದ ಶಾಲೆಯಲ್ಲಿ ಬೆಳಿಗ್ಗೆ ಹೆಚ್ಚಿನ ತಾಸುಗಳಿದ್ದವು, ಆರೂವರೆಯ ಬಸ್ಸಿಗೆ ಹೋಗಿಬಿಡುತ್ತಿದ್ದಳು. ಅವಳ ಊಟ ಒಂಬತ್ತೂವರೆಯ ಬಸ್ಸಿಗೆ. ಆ ಹೊತ್ತಿಗೆ ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಊರಿನ ಡಬ್ಬಿಗಳೆಲ್ಲ ಬಟ್ಟೆಯ ಚೀಲಗಳಲ್ಲಿ ಸಾಲಾಗಿ ಕುಳಿತಿರುತ್ತವೆ. ಕಂಡಕ್ಟರ್ ಅವನ್ನೆತ್ತಿ ಡ್ರೈವರನ ಬದಿಗೆ ಇಡುತ್ತಾನೆ, ಗಡಹಿಂಗ್ಲಜ ಸ್ಟ್ಯಾಂಡಿನಲ್ಲಿ ಮಕ್ಕಳು ತಮ್ಮ ತಮ್ಮ ಚೀಲ ಗುರುತಿಸಿ ಒಯ್ಯುತ್ತಾರೆ. ಅದಕ್ಕೆ ಟಿಕೀಟಿಲ್ಲ, ಚೀಟಿಯಿಲ್ಲ. ನಮ್ಮದು ನನ್ನ ಹಳೆಯ ಹಸಿರು ಸೀರೆ ಹರಿದು ಹೊಲಿದ ಚೀಲ.

ಮೊದಲ ತಿಂಗಳು ಎದೆ ಉಬ್ಬಿಸಿಕೊಂಡೇ ಓಡಾಡಿದೆ. ಎರಡು ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಹೆರಿಗೆ ಬಸ್ಸಿನ ವೇಳೆ ನೋಡಿಕೊಂಡು ಬರುವುದಿಲ್ಲ. ಮಳೆ ಶುರುವಾದ ಮೇಲೆ ಕರೆಗಳು ಹೆಚ್ಚಾದವು. ಬೆಳಿಗ್ಗೆ ಚಹ ಕುಡಿಯುವ ಮೊದಲೇ ಯಾರದೋ ಎತ್ತಿನ ಗಾಡಿ ಬಾಗಿಲಿಗೆ ಬಂದು ನಿಂತರೆ ನಾನು ಮರಳುವುದು ಮಧ್ಯಾಹ್ನವೇ. ಅಂಥ ದಿನ ಕೈ ತನ್ನ ಕೆಲಸ ಮಾಡುತ್ತಿತ್ತು, ಕಣ್ಣೆದುರಿಗೆ ಮಾತ್ರ ಗಡಹಿಂಗ್ಲಜ ಸ್ಟ್ಯಾಂಡಿನಲ್ಲಿ ಬರಿಗೈಯಲ್ಲಿ ನಿಂತ ಮಗಳು. ಡಬ್ಬಿ ಬರದಿದ್ದರೆ ತಿನ್ನಲಿ ಎಂದು ಅವಳ ಪುಸ್ತಕದ ಚೀಲದಲ್ಲಿ ಶೇಂಗಾ, ಬೆಲ್ಲ ಹಾಕಿಟ್ಟಿದ್ದೆ. ಸಂಜೆ ಬಂದಾಗ ಏನು ತಿಂದೆ ಎಂದು ಕೇಳುತ್ತಿರಲಿಲ್ಲ. ಕೇಳುವ ಧೈರ್ಯವಿರಲಿಲ್ಲ ಎಂದರೇ ಸರಿ. ಅತ್ತೆಯೂ ಒಂದು ಮಾತು ಎತ್ತುತ್ತಿರಲಿಲ್ಲ, ಮೂಲೆಯಲ್ಲಿ ಕುಳಿತು ಹೂಬತ್ತಿ ಮಾಡುತ್ತಿದ್ದರು. ತಪ್ಪಿದ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಎಣಿಸಿಡುತ್ತಿದ್ದಾರೆ, ವರ್ಷ ತುಂಬಿದ ದಿನ ಮಗನ ಮುಂದೆ ಸುರಿಯುತ್ತಾರೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಮಗಳು ಊಟಕ್ಕೆ ಕುಳಿತವಳು ಅಂದಳು, “ಅವ್ವಾ, ಮೊನ್ನಿ ಡಬ್ಬಿಯೊಳಗಿನ ಝುಣಕ ಭಾಳ ಚಲೋ ಆಗಿತ್ತು. ದಿನಾ ಹಂಗ ಯಾಕ ಮಾಡಂಗಿಲ್ಲ ನೀ?”

ಮೊನ್ನೆ ನಾನು ಬೆಳಗಿನಿಂದ ಊರಾಚೆಯ ಒಂದು ತೋಟದ ಮನೆಯಲ್ಲಿದ್ದೆ. ಡಬ್ಬಿ ಕಟ್ಟಿಯೇ ಇರಲಿಲ್ಲ.

ಮರುದಿನ ಚೀಲ ಕೊಡುವಾಗ ಕಂಡಕ್ಟರನನ್ನೇ ಹಿಡಿದೆ. ನಾನು ಬರದ ದಿನ ಡಬ್ಬಿ ಯಾರು ಕೊಡುತ್ತಾರೆ?

“ನಿಮ್ಮ ಅತ್ತ್ಯಾರ ಬರ್ತಾರಲ್ರಿ ನರ್ಸಬಾಯಿ,” ಎಂದ ಅವನು. “ಒಮ್ಮೆ ಗಾಡಿ ಬಿಟ್ಟಿದ್ವಿ. ಅಡ್ಡ ಬಂದು ರಸ್ತಾದಾಗ ನಿಂತಬಿಟ್ರು. ಡಬ್ಬಿ ತಗೊಂಡ ಹೋಗು, ಇಲ್ಲಾಂದ್ರ ನನ್ನ ಮ್ಯಾಲೆ ಹಾಯಿಸಿ ಹೋಗು ಅಂದ್ರು. ಕಾಯ ಕರಣಾರ, ಏನ ಮಾಡೂದು, ನಿಲ್ಲಿಸಿದ್ವಿ.”

ಸಮಾಧಾನವಾಗಬೇಕಿತ್ತು, ನನಗೆ ಬಂದದ್ದು ಸಿಟ್ಟು. ಇಷ್ಟು ತಿಂಗಳು ನಾನು ಕೊರಗಿದ್ದು ಯಾತಕ್ಕೆ? ಮನೆಗೆ ಬಂದವಳೇ ಅತ್ತೆಯ ಮುಂದೆ ನಿಂತೆ.

“ಒಲಿ ಮುಟ್ಟಂಗಿಲ್ಲ ಅಂದಿದ್ರಿ?”

“ಎಲ್ಲಿ ಮುಟ್ಟೇನಿ?” ಎಂದರು ಅತ್ತೆ, ತಲೆ ಎತ್ತದೆ. “ಮಾಲಕರ ಮನ್ಯಾಗ ಮಾಡೇನಿ. ಅವರ ಒಲಿ, ಅವರ ಹಿಟ್ಟು. ಆಡಿದ ಮಾತು ತಪ್ಪಿಲ್ಲ ನಾ.”

“ಮತ್ತ ನನಗ ಯಾಕ ಹೇಳಲಿಲ್ರಿ?”

“ಹೇಳಿದ್ರ ದಿನಾ ಮಾಡಸ್ತಿದ್ದಿ.”

ನನ್ನ ಗಾಡಿ ಓಣಿ ದಾಟುತ್ತಲೇ ಅತ್ತೆ ಮನೆಮಾಲಕರ ಅಡುಗೆಮನೆಗೆ ನುಗ್ಗುತ್ತಿದ್ದರಂತೆ. ಮಾಲಕರ ಹೆಂಡತಿ ನನಗೆ ಇದನ್ನು ಹೇಳುವಾಗ ನಕ್ಕು ನಕ್ಕು ಸಾಕಾದರು. ಮಗಳಿಗೋ, ಹೋಗುವ ಮೊದಲು ನಾನೇ ಅವಸರದಲ್ಲಿ ಮಾಡಿಟ್ಟು ಹೋಗಿರುತ್ತೇನೆ ಎಂಬ ನಂಬಿಕೆ. ಸಂಜೆ ಖಾಲಿ ಡಬ್ಬಿಯನ್ನು ಅವಳೇ ತೊಳೆದಿಡುತ್ತಿದ್ದಳು, ಹಾಗಾಗಿ ಅದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಅಂದಿನಿಂದ ಕರೆ ಬಂದರೆ ನಮ್ಮ ಹಿಟ್ಟಿನ ಡಬ್ಬವನ್ನು ಮಾಲಕರ ಮನೆಗೆ ಮುಟ್ಟಿಸಿ ಹೊರಡತೊಡಗಿದೆ. ನಮ್ಮ ಒಲೆಯನ್ನು ಅತ್ತೆ ಆಮೇಲೂ ಮುಟ್ಟಲಿಲ್ಲ.

ಆದರೂ ನನ್ನ ಹೆದರಿಕೆ ಹೋಗಲಿಲ್ಲ, ಹೆಚ್ಚಾಯಿತು. ಮೊಮ್ಮಗಳ ಮೇಲಿನ ಜೀವಕ್ಕೆ ಅತ್ತೆ ಡಬ್ಬಿ ಕಟ್ಟಿದರು, ಸರಿ. ಹಾಗೆಂದು ನಾನು ಗೆದ್ದಂತಾಯಿತೇ? ನನ್ನ ಕೈಯಲ್ಲಿ ಆಗಲಿಲ್ಲ ಎನ್ನುವುದಕ್ಕೆ ಈಗ ಕಂಡಕ್ಟರನ ಸಾಕ್ಷಿಯೂ ಇತ್ತು. ಚಳಿಗಾಲ ಹೋಯಿತು, ಮಗಳ ಪರೀಕ್ಷೆ ಮುಗಿಯಿತು. ಅತ್ತೆಯ ಬಾಯಿಂದ ಹೌದು ಇಲ್ಲ ಏನೂ ಬರಲಿಲ್ಲ.

ಈ ತಿಂಗಳು ಫಲಿತಾಂಶ ಬಂತು. ಮಗಳು ಪ್ರಥಮ ದರ್ಜೆಯಲ್ಲಿ ಪಾಸಾದಳು. ಪೋಸ್ಟ್ ಕಾರ್ಡ್ ತಲುಪುತ್ತಲೇ ಯಜಮಾನರು ಪೇಢೆ ತೆಗೆದುಕೊಂಡು ಬಂದರು. ಇಚಲಕರಂಜಿಯಲ್ಲಿ ಎರಡು ಖೋಲಿಯ ಮನೆ ನೋಡಿಟ್ಟೂ ಬಂದಿದ್ದರು. ಊಟವಾದ ಮೇಲೆ ತಾಯಿಯ ಕಡೆ ತಿರುಗಿ, “ವರ್ಷ ಆತು ಅವ್ವಾ. ಈಗ ನೀ ಹೇಳು,” ಎಂದರು.

“ಇಕಿ ಎಷ್ಟೋ ದಿನ ಡಬ್ಬಿ ಕಟ್ಟಿಲ್ಲ. ನಾ ಕಟ್ಟೇನಿ,” ಎಂದರು ಅತ್ತೆ.

ಮುಗಿಯಿತು ನನ್ನ ನೌಕರಿ ಎಂದುಕೊಂಡೆ.

“ನಾ ಐದು ಹಡದೇನಿ,” ಎಂದರು ಅತ್ತೆ, ಮಗನಿಗೆ. “ಉಳದಾಂವ ನೀ ಒಬ್ಬಾಂವ. ಆವಾಗ ನೂಲದಾಗ ನರ್ಸಬಾಯಿ ಇರಲಿಲ್ಲ. ಖೋಲಿ ಬ್ಯಾಡ ಅಂತ ಹೇಳಿಬಿಡು. ಇಕಿ ಇಲ್ಲೇ ಇರ್ಲಿ, ನಾನೂ ಇರ್ತೇನಿ.”

ಯಜಮಾನರು ಸರಿ ಎಂದು ತಲೆಯಾಡಿಸಿದರು.

ಯಾವ ಬಸುರಿಯ ಮನೆಗೆ ಹೋದರೂ ನಾನು ಮೊದಲು ಕೇಳುವುದು ಎರಡೇ ಮಾತು: ಎಷ್ಟು ಹಡೆದಿ, ಎಷ್ಟು ಉಳಿದಾವ. ಕೇಳಿ ರಜಿಸ್ಟರಿನಲ್ಲಿ ಬರೆದುಕೊಳ್ಳುತ್ತೇನೆ. ಹದಿನೇಳು ವರ್ಷ ಒಂದೇ ಮನೆಯಲ್ಲಿದ್ದವರನ್ನು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು. ಮರುದಿನ ಯಜಮಾನರನ್ನು ಬಸ್ಸಿಗೆ ಹತ್ತಿಸಿ ಬಂದು ಅತ್ತೆಯ ಪಕ್ಕ ಕುಳಿತು ಕೇಳಿದೆ. ಮಗಳೂ ಬಂದು ಕುಳಿತಳು. ಅವರು ಒಂದೊಂದನ್ನೇ ನೆನೆದು ಹೇಳಿದರು, ಯಾವುದು ಯಾವ ಸುಗ್ಗಿಯಲ್ಲಿ ಹುಟ್ಟಿತು, ಎಷ್ಟು ದಿನ ಇತ್ತು ಎಂದು.

“ಕಡೀದು ಹೆಣ್ಣ,” ಎಂದು ನನ್ನ ಮುಖ ನೋಡಿದರು. “ಇದ್ದಿದ್ರ ನಿನ್ನಷ್ಟ ಇರ್ತಿದ್ಲು, ನಿನ್ನ ವಾರಿಗಿಯಾಕಿ.”