ಬೆಸುಗೆಯಡಿಯ ಅಚ್ಚು

ಬೆಳಗಿನ ಏಳು ಗಂಟೆ. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಜುಲೈ ಚಳಿ ಸ್ವೆಟರನ್ನು ಲೆಕ್ಕಕ್ಕೇ ಇಡುವುದಿಲ್ಲ. ಔಷಧ ಕಾರ್ಖಾನೆಯೊಂದರ ಹಿಂಬದಿಯ ಟೂಲ್‌ರೂಮಿನಲ್ಲಿ ದ್ವಾರಕಾನಾಥ್ ರಾತ್ರಿ ಪಾಳಿಯ ಮಾತ್ರೆಗಳನ್ನು ಕಪ್ಪು ಬಟ್ಟೆಯ ಮೇಲೆ ಹರಡಿಕೊಂಡು ಕೂತಿದ್ದಾರೆ. ಒಂದನ್ನು ಎತ್ತಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯುತ್ತಾರೆ. ನನಗೆ ಕಾಣುವುದು ಬರೀ ಮಾತ್ರೆ. ಅವರಿಗೆ ಅದರ ಮೇಲಿನ ಅಕ್ಷರದ ಪಕ್ಕ ಕೂದಲೆಳೆಯಷ್ಟು ಉಬ್ಬಿದ ಗೆರೆ ಕಾಣುತ್ತದೆ.

"ಮಾತ್ರೆ ಒತ್ತೋ ಪಂಚ್ ಸೀಳಿದೆ ಮೇಡಂ. ಮಾತ್ರೆ ಮೇಲೆ ಗೀರು ಬಿದ್ರೆ ಒಳಕ್ಕೆ ಹೋಗತ್ತೆ. ಅಚ್ಚೇ ಸೀಳಿದ್ರೆ ಗೆರೆ ಮೇಲಕ್ಕೆ ಎದ್ದಿರತ್ತೆ" ಎನ್ನುತ್ತ ಫೋನ್ ಎತ್ತಿ ಎರಡು ಮಾತಾಡುತ್ತಾರೆ. ಗೋಡೆಯಾಚೆ ಯಂತ್ರದ ಸದ್ದು ನಿಲ್ಲುತ್ತದೆ.

ಕೀನ್ಯಾದ ಯಾವುದೋ ಊರಲ್ಲಿ ತಲೆನೋವು ಬಂದವರು ನುಂಗುವ ಮಾತ್ರೆಯ ಅಕ್ಷರವನ್ನು ಉಕ್ಕಿನಲ್ಲಿ ಕೊರೆದವರು ಇವರು. ಅದು ನುಂಗುವವರಿಗೆ ಗೊತ್ತಿಲ್ಲ. ಇವರಿಗೆ ಅದರ ಬಗ್ಗೆ ದೂರೂ ಇಲ್ಲ. "ಅಕ್ಷರ ಓದ್ಕೊಂಡು ಯಾರು ನುಂಗ್ತಾರೆ? ನೀರು ಕುಡೀತಾರೆ, ಮಲಗ್ತಾರೆ. ವಾಸಿಯಾದ್ರೆ ಸಾಕು."

ಅಷ್ಟರಲ್ಲಿ ಹೆಲನ್ ಚಹಾ ತರುತ್ತಾರೆ. ಐವತ್ತು ದಾಟಿದ, ತಾಯ್ತಾ ಬೆಟ್ಟಗಳ ಕಡೆಯ ಈ ಹೆಂಗಸು ಕಾರ್ಖಾನೆಗೆಲ್ಲ ಚಹಾ ಮಾಡುವವರು. "ಸವಾ, ಫುಂಡಿ?" ಎಂದು, ಎಲ್ಲ ಸರಿಯಿದೆಯೇ ಎಂದು ವಿಚಾರಿಸುತ್ತಾರೆ. ಫುಂಡಿ ಎಂದರೆ ಇಲ್ಲಿ ಕೈಕಸುಬಿನವನು. ದ್ವಾರಕಾನಾಥ್ ಎಂಬ ಹೆಸರು ಈ ಕಾರ್ಖಾನೆಯಲ್ಲಿ ಸಂಬಳದ ಚೀಟಿಗೆ ಮಾತ್ರ ಬೇಕು. ಹೆಲನ್ ಕತ್ತಿನ ಕಪ್ಪು ದಾರದಲ್ಲಿ ಒಂದು ಬೆಳ್ಳಿ ನಾಣ್ಯ ತೂಗಾಡುತ್ತಿದೆ. ಅಜ್ಜಿಯಿಂದ ಬಂದದ್ದು, 1827ರ ಅಮೆರಿಕದ ಅರ್ಧ ಡಾಲರ್. ಫುಂಡಿಯ ಕಣ್ಣು ಚಹಾದ ಮೇಲಿಲ್ಲ, ಅದರ ಮೇಲಿದೆ.

ಇದು ಮಾಮೂಲಿ ನಾಣ್ಯದ ಹುಚ್ಚಲ್ಲ. ಆ ಕಾಲದಲ್ಲಿ ಫಿಲಡೆಲ್ಫಿಯಾದ ಟಂಕಸಾಲೆಯ ಕೆಲಸಗಾರರು ಅಚ್ಚಿನ ಮೇಲೆ ನಕ್ಷತ್ರ, ಅಕ್ಷರ, ಅಂಕಿಗಳನ್ನು ಒಂದೊಂದಾಗಿ ಕೈಯಿಂದಲೇ ಹೊಡೆಯುತ್ತಿದ್ದರು. ಅಚ್ಚು ಬದಲಾದರೆ ನಾಣ್ಯವೂ ಚೂರು ಬದಲಾಗುತ್ತಿತ್ತು: ಒಂದರಲ್ಲಿ ನಕ್ಷತ್ರ ವಾಲಿದೆ, ಇನ್ನೊಂದರಲ್ಲಿ ಅಂಕಿ ಜಾರಿದೆ. 1827ರ ಅರ್ಧ ಡಾಲರ್ ಒಂದಕ್ಕೇ ಇಂಥ ನಲವತ್ತಕ್ಕೂ ಮಿಕ್ಕಿದ ಅಚ್ಚುಜೋಡಿಗಳಿವೆ. ಕೆಲವು ಧಾರಾಳವಾಗಿ ಸಿಗುತ್ತವೆ, ಕೆಲವು ಸಿಗುವುದೇ ಇಲ್ಲ. ಹೆಲನ್ ಕತ್ತಿನಲ್ಲಿರುವುದು ಯಾವುದು? ತಲೆಯಿರುವ ಮುಖ ಧಾರಾಳವಾಗಿ ಸಿಗುವ ಒಂದು ಬಗೆಗೂ ಹೊಂದುತ್ತದೆ, ತೀರಾ ಅಪರೂಪದ ಇನ್ನೊಂದು ಬಗೆಗೂ ಹೊಂದುತ್ತದೆ. ತೀರ್ಮಾನವಾಗಬೇಕಾದದ್ದು ಹದ್ದಿರುವ ಮುಖದ ಕೆಳಗಿನ ಐವತ್ತರ ಅಂಕಿಯಿಂದ. ಸರಿಯಾಗಿ ಅಲ್ಲೇ ಯಾರೋ ದಾರದ ಕೊಂಡಿ ಬೆಸೆದಿದ್ದಾರೆ. ಬೆಸುಗೆಯ ಲೋಹ ಹರಿದು ಅಂಕಿಯನ್ನು ಮುಚ್ಚಿಬಿಟ್ಟಿದೆ. ನಾಲ್ಕು ವರ್ಷಗಳಿಂದ ದ್ವಾರಕಾನಾಥರಿಗೆ ಅದರದೇ ಧ್ಯಾನ.

ಹುಟ್ಟಿದ್ದು ಚನ್ನಪಟ್ಟಣ. ಬೆಂಗಳೂರಿನ ರಾಜಾಜಿನಗರದ ಸಣ್ಣ ವರ್ಕ್‌ಶಾಪಿನಲ್ಲಿ ಶಾಲೆ ಬ್ಯಾಡ್ಜು, ಕಂಡಕ್ಟರ್ ಬಿಲ್ಲೆಗಳಿಗೆ ಅಚ್ಚು ಕೊರೆಯುತ್ತ ಕೈ ಪಳಗಿತು. ಎಂಬತ್ತರ ದಶಕದಲ್ಲಿ ಇಲ್ಲಿಗೆ ಬಂದರು. ತಮ್ಮ ಕೂಸಿಗೆ ಕಾಲ್ಗೆಜ್ಜೆ ತರಲು ಬಿಯಾಶಾರಾ ಸ್ಟ್ರೀಟಿನ ಗುಜರಾತಿ ಅಕ್ಕಸಾಲಿಗರ ಅಂಗಡಿಗೆ ಹೋದ ದಿನ, ಕರಗಿಸಲು ಇಟ್ಟಿದ್ದ ಹಳೆ ಬೆಳ್ಳಿಯ ತಟ್ಟೆಯಲ್ಲಿ ಮೊದಲ ಹದ್ದು ಕಣ್ಣಿಗೆ ಬಿತ್ತು.

"ರೆಕ್ಕೆ ಮೇಲೆ ಗೆರೆ ಎದ್ದಿತ್ತು. ಅರೆ, ಇವ್ನೂ ರಾಜಾಜಿನಗರದ ನನ್ನ ಥರಾನೇ ಸೀಳಿದ ಅಚ್ಚನ್ನ ಇನ್ನೊಂದು ದಿನ ಓಡಿಸಿದಾನಲ್ಲ ಅನ್ನಿಸಿ ನಗು ಬಂತು ಮೇಡಂ. ಪರದೇಶದಲ್ಲಿ ನಮ್ಮೂರೋರು ಸಿಕ್ಕಂಗಾಯ್ತು."

ಗೆಜ್ಜೆ ಮರೆತುಹೋಯಿತು. ಮನೆಗೆ ಬಂದದ್ದು ಹದ್ದು. ಒಂದು ಕಾಲದಲ್ಲಿ ಅಮೆರಿಕದ ಹಡಗುಗಳು ಝಾಂಜಿಬಾರಿಗೆ ಬಟ್ಟೆ ತಂದು ದಂತ ಒಯ್ಯುತ್ತಿದ್ದವು. ಆ ಬಟ್ಟೆಗೆ ಇಲ್ಲಿನವರು ಮೆರಿಕಾನಿ ಎನ್ನುತ್ತಾರೆ. ಬಟ್ಟೆಯ ಜೊತೆ ಒಂದಷ್ಟು ಬೆಳ್ಳಿಯೂ ಇಳಿದಿರಬೇಕು ಎಂಬುದು ಅವರ ಊಹೆ. "ಆಗ ಶನಿವಾರ ಮಧ್ಯಾಹ್ನ ಅಂದ್ರೆ ಬಿಯಾಶಾರಾ ಸ್ಟ್ರೀಟೇ. ಚಾ ಕೊಟ್ಟು, ಬಾ ಭಾಯಿ, ನಿನ್ನ ಹಕ್ಕಿ ಬಂದಿದೆಯಾ ನೋಡ್ಕೋ ಅನ್ನೋರು. ಈಗ ಆ ಅಂಗಡೀಲಿ ಮೊಬೈಲ್ ಮಾರ್ತಾರೆ. ಆ ಕಡೆ ಹೋಗೋಕೇ ಮನಸ್ಸು ಬರಲ್ಲ."

ಸಿಕ್ಕ ನಾಣ್ಯಗಳು ಪಾರ್ಕ್‌ಲ್ಯಾಂಡ್ಸಿನ ಫ್ಲಾಟಿನಲ್ಲಿ, ಮಾತ್ರೆಯ ಡಬ್ಬಿಗಳಲ್ಲಿ, ತೇವ ಹೀರುವ ಪುಟ್ಟ ಪೊಟ್ಟಣಗಳ ಜೊತೆ ಬೆಚ್ಚಗಿವೆ. ಒಂದು ಮಾತ್ರ ದೇವರ ಗೂಡಿನಲ್ಲಿದೆ. ಪತ್ನಿ ವಿಮಲಾ ಒಮ್ಮೆ ವರಮಹಾಲಕ್ಷ್ಮಿ ಹಬ್ಬಕ್ಕೆ ಅದಕ್ಕೆ ಹುಣಸೆಹಣ್ಣು ಹಚ್ಚಿ, ವಿಭೂತಿಯಲ್ಲಿ ತಿಕ್ಕಿ ಫಳಫಳ ಮಾಡಿಟ್ಟರು. ಹಳೆ ನಾಣ್ಯ ಸಂಗ್ರಹಿಸುವವರ ಲೋಕದಲ್ಲಿ ಇದು ಕೊಲೆಗೆ ಸಮ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಬೆಳ್ಳಿಗೆ ಹಿಡಿಯುವ ಕಪ್ಪೇ ಅವರಿಗೆ ಜೀವ. "ಕಪ್ಪು ಹಿಡಿದ ಬೆಳ್ಳೀನ ಅಮ್ಮನೋರ ಮುಂದೆ ಇಡಕ್ಕಾಗತ್ತೇನ್ರೀ?" ಎಂದು ವಿಮಲಾ ಇವತ್ತಿಗೂ ನನ್ನನ್ನೇ ಕೇಳುತ್ತಾರೆ. ನಾನು ಯಾರ ಪಕ್ಷವನ್ನೂ ವಹಿಸದೆ ಅವರು ಕೊಟ್ಟ ಕೋಡುಬಳೆ ತಿನ್ನುತ್ತೇನೆ.

ಟೂಲ್‌ರೂಮಿನಲ್ಲಿ ಒಂದು ಕಾಲಕ್ಕೆ ಪ್ರತಿ ಲೇತಿನ ಮುಂದೆಯೂ ಒಬ್ಬರಿದ್ದರು, ರೇಡಿಯೋ ಹಾಡುತ್ತಿತ್ತು, ಮಧ್ಯಾಹ್ನದ ಊಟಕ್ಕೆ ಇಲ್ಲಿಯವರ ಮೆಕ್ಕೆಜೋಳದ ಮುದ್ದೆ ಉಗಾಲಿಯೂ ನಮ್ಮ ಚಿತ್ರಾನ್ನವೂ ಒಂದೇ ಬೆಂಚಿನ ಮೇಲೆ ಬಿಚ್ಚಿಕೊಳ್ಳುತ್ತಿದ್ದವು. ಈಗ ಇವರೊಬ್ಬರೇ. ಕಂಪ್ಯೂಟರ್ ಕೊರೆದ ಪಂಚುಗಳು ಹೊರಗಿನಿಂದ ಸಿದ್ಧವಾಗಿ ಬರುತ್ತಿವೆ. ಈ ಡಿಸೆಂಬರಿಗೆ ಟೂಲ್‌ರೂಮಿಗೆ ಬೀಗ. ಕೆಲಸ ಮುಗಿದರೆ ಪರ್ಮಿಟ್ಟೂ ಮುಗಿಯಿತು, ದಂಪತಿ ಮೈಸೂರಿಗೆ ಹೊರಡುತ್ತಾರೆ. ಹೆಲನ್ ನಾಣ್ಯ ಇಲ್ಲೇ ಉಳಿಯುತ್ತದೆ.

ಹಾಗಾಗಿ ಹೋದ ತಿಂಗಳು ಧೈರ್ಯ ಮಾಡಿ ಕೇಳಿಯೇಬಿಟ್ಟರು: ಬೆಸುಗೆ ಬಿಚ್ಚಿ ನೋಡಿ, ಮತ್ತೆ ಹಾಗೇ ಹಾಕಿಕೊಡಲೇ? ಹೆಲನ್ ನಕ್ಕು, ದಾರ ಸಮೇತ ಬಿಚ್ಚಿ ಕೈಗಿಟ್ಟರು. ಶನಿವಾರ ಎಲ್ಲರೂ ಹೋದ ಮೇಲೆ ದ್ವಾರಕಾನಾಥ್ ಗ್ಯಾಸ್ ಟಾರ್ಚ್ ಹಚ್ಚಿದರು. ಹಾಗೇ ಮರಳಿ ಹಾಕಬೇಕಲ್ಲ ಎಂದು ಮೊದಲು ಬೆಸುಗೆಯನ್ನೇ ಭೂತಗನ್ನಡಿಯಲ್ಲಿ ನೋಡಿದರು. ಅಲ್ಲಿಯವರೆಗೆ ಅದು ಅವರ ಪಾಲಿಗೆ ಅಡ್ಡ ಬಂದ ಕೊಳಕು, ಅಷ್ಟೆ.

"ಒಳ್ಳೆ ಕೈ ಮೇಡಂ. ಟಾರ್ಚ್ ಇದ್ದಂಗಿಲ್ಲ, ಇದ್ದಿಲು ಊದಿ ಬೆಸೆದಿದಾನೆ, ಅದಕ್ಕೇ ಹರಿದಿದೆ. ಆದ್ರೆ ಕತ್ತಿಗೆ ಚುಚ್ಚಬಾರ್ದು ಅಂತ ಅಂಚನ್ನೆಲ್ಲ ಸಣ್ಣ ಅರದಲ್ಲಿ ಉಜ್ಜಿ ಉಜ್ಜಿ ಬೆಣ್ಣೆ ಮಾಡಿದಾನೆ. ಹಾಕ್ಕೊಳ್ಳೋರ ಮೇಲೆ ಪ್ರೀತಿ ಇದ್ದೋನು."

ಟಾರ್ಚ್ ಆರಿಸಿದರು. ಸೋಮವಾರ ಹೆಲನ್‌ರನ್ನು ವಿಚಾರಿಸಿದಾಗ ತಿಳಿಯಿತು, ಬೆಸೆದದ್ದು ಅವರ ತಾತ. ವೋಯಿ ಪಟ್ಟಣದಲ್ಲಿ ಲಾಂದ್ರ, ಪಾತ್ರೆ ರಿಪೇರಿ ಮಾಡುತ್ತಿದ್ದ ಫುಂಡಿ, ಮದುವೆಗೆ ಹೆಂಡತಿಗೆ ಮಾಡಿಕೊಟ್ಟದ್ದು. ಹೆಲನ್ ಸ್ವಾಹಿಲಿಯಲ್ಲಿ ನನಗೆ ಹೇಳುವುದನ್ನು ದ್ವಾರಕಾನಾಥ್ ಕನ್ನಡಕ್ಕೆ ತಿರುಗಿಸುತ್ತಾರೆ: "ತಾತ ಮಾಡಿದ್ದೆಲ್ಲ ಯಾರ್ಯಾರ ಮನೆಗೋ ಹೋಯ್ತಂತೆ. ಇದೊಂದೇ ಉಳಿದಿರೋದಂತೆ. ಆದ್ರೂ ಬಿಚ್ಚಿ ಅಂತ ನಾನೇ ಅಂದೆ, ಇವ್ರೇ ಬಿಚ್ಚಲಿಲ್ಲ ಅಂತಿದಾರೆ."

ಅದು ಯಾವ ಅಚ್ಚಿನದೆಂದು ಗೊತ್ತಾಗದೆ ಹೊರಡುವುದು ಬೇಜಾರಲ್ಲವೇ ಎಂದು ಕೇಳುತ್ತೇನೆ.

"ಬೇಜಾರೇ. ಸಂಕಟ ಆಗತ್ತೆ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಫಿಲಡೆಲ್ಫಿಯಾದೋನ ಅಂಕಿ ನೋಡಕ್ಕೆ ಹೋಗಿ ವೋಯಿಯೋನ ಕೆಲಸ ಕರಗಿಸಿದ್ರೆ ನಾನು ಯಾವ ಸೀಮೆ ಟೂಲ್‌ಮೇಕರ್? ಮತ್ತೆ ಎಷ್ಟೇ ಚೆನ್ನಾಗಿ ಬೆಸೆದ್ರೂ ಅದು ನಂದಾಗತ್ತೆ, ಅವರ ತಾತಂದಲ್ಲ."

ಖಾಲಿ ಲೋಟ ಒಯ್ಯಲು ಬಾಗಿದ ಹೆಲನ್‌ರನ್ನು ತಡೆದು, ನನ್ನನ್ನು ಹತ್ತಿರ ಕರೆಯುತ್ತಾರೆ. ದಾರ ಉಜ್ಜಿ ಉಜ್ಜಿ ಕೊಂಡಿ ತೆಳ್ಳಗಾಗಿದೆ. ಅದರೊಳಗೆ ಹೊಸದಾಗಿ ಒಂದು ಪುಟ್ಟ ಬೆಳ್ಳಿ ಉಂಗುರ ಕೂತಿದೆ. ದಾರ ಈಗ ಉಂಗುರದಲ್ಲಿ ಓಡುತ್ತದೆ, ಕೊಂಡಿಯನ್ನು ಮುಟ್ಟುವುದಿಲ್ಲ.

"ಇದು ಮಾತ್ರ ನಂದು. ಬೇಕಂತ್ಲೇ ಮೆತ್ತನೆ ಬೆಳ್ಳಿ ಹಾಕಿದೀನಿ" ಎನ್ನುತ್ತಾರೆ. "ಸವೆಯೋದಿದ್ರೆ ಮೊದ್ಲು ನಂದು ಸವೀಲಿ."