ಪಟ್ಟಣ ತಂದ ಹನುಮಣ್ಣ

ನಮ್ಮ ಹೊಳೆಹೊಸಳ್ಳಿಗೆ ಸಮುದ್ರವಿಲ್ಲ, ಆದರೆ ದಂಡೆ ಇದೆ. ಮಳೆಗಾಲದಲ್ಲಿ ಡ್ಯಾಮಿನ ಹಿನ್ನೀರು ಊರ ಬಾಗಿಲಿಗೇ ಬಂದು ನಿಲ್ಲುತ್ತದೆ. ಕೊಪ್ಪಳದಿಂದ ಬೈಕಿನಲ್ಲಿ ಬರುವ ಹುಡುಗರು ಅದನ್ನು ಬೀಚ್ ಎಂದು ಕರೆದು, ಫೋಟೊ ತಾವು ಒಯ್ದು, ಖಾಲಿ ಬಾಟಲಿ ನಮಗೆ ಬಿಟ್ಟು ಹೋಗುತ್ತಾರೆ. ಬೇಸಿಗೆಗೆ ನೀರು ಹಿಂದೆ ಸರಿದು ನೆಲ ಬಿರಿಯುತ್ತದೆ. ಆಗ ನಮ್ಮ ಓಣಿಯ ಹೆಂಗಸರಿಗೆ ಇದ್ದ ಆಸರೆ ಒಂದೇ, ಪಂಚಾಯಿತಿಯ ಉದ್ಯೋಗ ಖಾತ್ರಿ ಕೆಲಸ. ಕೆರೆಯ ಹೂಳು ತೆಗೆಯುವುದು, ಬದು ಹಾಕುವುದು. ಊರ ಮಗ್ಗುಲಲ್ಲೇ ಕೆಲಸ. ಬೇವಿನ ಗಿಡಕ್ಕೆ ಸೀರೆಯ ಜೋಲಿ ಕಟ್ಟಿ ನನ್ನ ಕೂಸು ಗವಿಯನ್ನು ಮಲಗಿಸಿದರೆ, ಅವನು ಅತ್ತಾಗ ಸಲಿಕೆ ಬಿಟ್ಟು ಹೋಗಿ ಹಾಲು ಕುಡಿಸಿ ಬರಬಹುದಿತ್ತು.

ನಮ್ಮ ಗುಂಪಿಗೆ ಹಾಜರಿ ಹಿಡಿಯುವ ಮೇಟಿ ಹನುಮಣ್ಣ ಕಾಕಾ. ಸರ್ಕಾರ ಅವನಿಗೆ ಕೊಟ್ಟ ಹೆಸರು ಕಾಯಕ ಬಂಧು. ಕಾಯಕ ನಮ್ಮದು, ಬಂಧು ಅವನು. ಹಾಜರಿಯ ಫೋಟೊ ತೆಗೆಯುವಾಗ, "ಹಲ್ಲ ಕಿಸೀಬ್ಯಾಡ್ರಿ, ದಿಲ್ಲಿಯಾಗ ನೋಡ್ತಾರ" ಎಂದು ಗದರುತ್ತಿದ್ದ. ದಿಲ್ಲಿಯವರಿಗೆ ನಮ್ಮ ಗುಂಪಿನ ಹೊಳಿಯಮ್ಮನ ಹಲ್ಲು ನೋಡುವುದಲ್ಲದೆ ಬೇರೆ ಕೆಲಸವಿಲ್ಲ ಎಂಬಂತೆ! ನಗುತ್ತಿದ್ದೆವು, ನಿಜ. ಆದರೆ ಹೆಂಡತಿ ತೀರಿಹೋದ ಮೇಲೆ ಆ ಮೊಬೈಲು, ಆ ಹಾಜರಿ, ನಮ್ಮ ಜಗಳ ಬಿಡಿಸುವುದು, ಇದೇ ಅವನ ಸಂಸಾರವಾಗಿತ್ತು. ಅದು ಕೈಬಿಟ್ಟರೆ ಅವನಿಗೆ ಉಳಿಯುವುದು ಖಾಲಿ ಪಡಸಾಲೆ.

ಅದನ್ನು ಕೈಬಿಡಿಸಿದ್ದು ಕನಕಗಿರಿಯ ಬೀಗ. ಕಾಕಾ ಮಗಳನ್ನು ಕಾಣಲು ಹೋದಾಗ ಬೀಗ ಊಟದ ಮುಂದೆಯೇ ಅಂದನಂತೆ: "ನಮ್ದು ತಾಲೂಕ ಆತು ಬೀಗರ. ನಿಮ್ಮೂರು ಇನ್ನೂ ಕಪ್ಪಿ ಒದರೋ ದಂಡಿ ಐತಲ್ರಿ."

ಕಾಕಾ ಅರ್ಧ ರೊಟ್ಟಿ ಬಿಟ್ಟು ಎದ್ದು ಬಂದ. ಅಂದಿನಿಂದ ಊರು ಪಟ್ಟಣ ಪಂಚಾಯಿತಿ ಆಗಲೇಬೇಕೆಂದು ಹಟ ಹಿಡಿದ. ಅರ್ಜಿ, ಸಹಿ, ನಿಯೋಗ. ಸುತ್ತಲಿನ ಹಳ್ಳಿಗಳನ್ನು ಸೇರಿಸಿ ತಲೆಗಳೇನೋ ಸಾಕಾದವು. ಆದರೆ ಪಟ್ಟಣ ಎನ್ನಿಸಿಕೊಳ್ಳಲು ಹೊಲದ ಕೆಲಸದವರು ಕಡಿಮೆ ಇರಬೇಕಂತೆ. ಸರ್ವೆಯವರು ಬರುವ ಹಿಂದಿನ ದಿನ ಕಾಕಾ ಮನೆಮನೆಗೆ ಬಂದು ಪಾಠ ಹೇಳಿಕೊಟ್ಟ.

"ಮುದಕಮ್ಮಕ್ಕ, ನೀ ತತ್ತಿ ಮಾರ್ತೀಯಲ್ಲ, ವ್ಯಾಪಾರ ಅಂತ ಹೇಳು."

"ನಾಕು ಕೋಳಿ ಅದಾವೋ ಯಪ್ಪಾ," ಎಂದರು ನಮ್ಮ ಅತ್ತೆ.

"ಅದರಾಗ ಒಂದು ಹುಂಜ," ಎಂದೆ ನಾನು.

"ಹೇಮಾ, ನೀ ಸುಮ್ನಿರು. ಊರು ಮ್ಯಾಲ ಬರೋ ಹೊತ್ತು!"

ಹೀಗೆ ಅತ್ತೆ ವ್ಯಾಪಾರಿಯಾದರು. ಸಂತೆಯ ದಿನ ಮಿರ್ಚಿ ಕರಿಯುವ ಹೊಳಿಯಮ್ಮ ಹೋಟೆಲ್ ಉದ್ಯಮಿ. ಮೀನು ಹಿಡಿಯುವವರೆಲ್ಲ ಸ್ವಂತ ಉದ್ಯೋಗಸ್ಥರು. ನಾಲಿಗೆಯ ಮೇಲೆ ಇಡೀ ಊರು ಒಂದೇ ದಿನದಲ್ಲಿ ಹೊಲ ಬಿಟ್ಟಿತು.

ಪಂಚಾಯಿತಿಯ ಬಿಲ್ ಕಲೆಕ್ಟರ್ ಖಾಜಾಸಾಬ ಒಬ್ಬರೇ ಎಚ್ಚರಿಸಿದ್ದು. "ಹನುಮಣ್ಣ, ಪಟ್ಟಣಕ್ಕ ಖಾತ್ರಿ ಕೆಲಸ ಬರಂಗಿಲ್ಲ ನೋಡು. ಅದು ಹಳ್ಳಿಗಷ್ಟ."

"ನಿಮಗ ಊರು ಮುಂದ ಬರೋದು ಬ್ಯಾಡಾಗೇತಿ ಸಾಬರ. ಹಳ್ಳಿಗೇ ಇಷ್ಟ ಕೊಡೋ ಸರ್ಕಾರ ಪಟ್ಟಣಕ್ಕ ಎಷ್ಟ ಕೊಡಬೇಕು?"

ಆದೇಶ ಬಂತು. ಪಟಾಕಿ ಹೊಡೆದು ಪೇಡೆ ಹಂಚಿದರು. ಬೀಗನಿಗೆ ವಿಡಿಯೊ ಕಾಲ್ ಮಾಡಿ ಕಾಕಾ ಹೊಸ ಬೋರ್ಡು ತೋರಿಸಿದ. ಹಿಂದೆ ಎಮ್ಮೆಗಳು ಅಡ್ಡ ಬರದಂತೆ ಅವನ್ನು ಹಿಡಿದು ನಿಂತವಳು ನಾನೇ. ಆಮೇಲೆ ಪಟ್ಟಣದ ಸೌಲಭ್ಯಗಳು ಒಂದೊಂದಾಗಿ ಬಂದವು. ಮೊದಲು ಮನೆ ತೆರಿಗೆ ಏರಿತು. ನಂತರ ಹಾಡು ಹೇಳುತ್ತ ಕಸದ ಗಾಡಿ ಬಂತು. ನಮ್ಮ ಕಸವೆಲ್ಲ ತಿಪ್ಪೆಗೆ ಹೋಗುವುದರಿಂದ ಅದು ಹಾಡಿಕೊಂಡೇ ಖಾಲಿ ಹೋಯಿತು. ನಲ್ಲಿಯ ನೀರು ಮಾತ್ರ ಹಳ್ಳಿಯಾಗಿದ್ದಾಗಿನಂತೆಯೇ ನಾಲ್ಕು ದಿನಕ್ಕೊಮ್ಮೆ ಬಂತು.

ಶಿವರಾತ್ರಿ ಮುಗಿದು ಹಿನ್ನೀರು ಇಳಿದಾಗ ನಾವೆಲ್ಲ ಪಂಚಾಯಿತಿ ಕಚೇರಿಗೆ ಕೆಲಸ ಕೇಳಲು ಹೋದೆವು. ಕಾಕಾ ಮೊಬೈಲು ಚಾರ್ಜು ಮಾಡಿಕೊಂಡು ಮುಂದೆ ನಡೆದಿದ್ದ. ಹೊಸದಾಗಿ ಬಂದಿದ್ದ ಮುಖ್ಯಾಧಿಕಾರಿ ರೇಣುಕಾದೇವಿ ಮೇಡಂ ಕನ್ನಡಕ ಏರಿಸಿ ನೋಡಿದರು.

"ಇಲ್ಲಿ ಖಾತ್ರಿ ಕೆಲಸ ಇಲ್ರಿ. ಇದು ಪಟ್ಟಣ. ನೀವೆಲ್ಲ ವ್ಯಾಪಾರಸ್ಥರು ಅಂತ ಬರಸೀರಲ್ಲ?" ಎಂದು ಅತ್ತೆಯತ್ತ ತಿರುಗಿ, "ನಿಮ್ಮ ತತ್ತಿ ಅಂಗಡಿಗೆ ಲೈಸೆನ್ಸ್ ಮಾಡಸೀರೇನು?" ಎಂದರು.

ಅತ್ತೆ ಕಾಕಾನ ಮುಖ ನೋಡಿದರು. ಕಾಕಾ ಫ್ಯಾನ್ ನೋಡಿದ.

"ಮೇಡಂ, ಹಂಗಾದ್ರ ನಮ್ಮನ್ನ ಮತ್ತ ಹಳ್ಳಿ ಮಾಡ್ರಲ್ಲ," ಎಂದ ಕೊನೆಗೆ, ಸಣ್ಣ ದನಿಯಲ್ಲಿ.

"ಮ್ಯಾಲ ಹತ್ತಾಕ ಅರ್ಜಿ ಐತ್ರಿ. ಇಳಿಯಾಕ ನನ್ನ ಕಡೆ ಯಾವ್ದೂ ಇಲ್ಲ."

ಹೊರಗೆ ಬಂದ ಮೇಲೆ ಹೊಳಿಯಮ್ಮ ಬಾಯಿಗೆ ಬಂದಂತೆ ಬೈದಳು. ಕಾಕಾ ಹಾಜರಿಯ ಆ್ಯಪು ತೆರೆದು, ಮುಚ್ಚಿ, ಮತ್ತೆ ತೆರೆದ. ನನಗೂ ಬೈಯಬೇಕೆನ್ನಿಸಿತ್ತು. ಹಾಲು ಕುಡಿಯುವ ಕೂಸನ್ನು ಎಲ್ಲೆಂದರಲ್ಲಿ ಒಯ್ಯಲಾಗದೆ ನನ್ನ ಕೂಲಿ ಅಂದೇ ನಿಂತಿತ್ತು. ಆದರೆ ತಪ್ಪುಲೆಕ್ಕಕ್ಕೆ ತಲೆಯಾಡಿಸಿದವರಲ್ಲಿ ನಾನೂ ಒಬ್ಬಳು. ಸರ್ವೆಯವರು ಕೇಳಿದಾಗ 'ಟೈಲರಿಂಗ್' ಎಂದಿದ್ದೆ. ನಮ್ಮ ಮನೆಯಲ್ಲಿರುವುದು ಒಂದು ಸೂಜಿ.

ಮರುವಾರದಿಂದ ಹೆಂಗಸರು ಅಸ್ಲಮನ ಟಂಟಂ ಆಟೊ ಹತ್ತಿ ಅಷ್ಟು ದೂರದ ಮರಳಿ ಎಂಬ ಊರಿನ ಗದ್ದೆಗೆ ಕಳೆ ಕೀಳಲು ಹೊರಟರು. ಈ ವಯಸ್ಸಿನಲ್ಲಿ ಅತ್ತೆಯೂ. ಮೊದಲ ಬೆಳಗ್ಗೆ ನೋಡಿದರೆ ಇಸ್ತ್ರಿಯ ಅಂಗಿ ತೊಟ್ಟು ಕಾಕಾನೂ ರಸ್ತೆಯಲ್ಲಿ ನಿಂತಿದ್ದಾನೆ.

"ನಿನಗೇನ ಐತಿ ಅಲ್ಲಿ?" ಎಂದರು ಅತ್ತೆ.

"ಇಷ್ಟ ಮಂದಿ ಹೊಂಟೀರಿ... ಅಲ್ಲಿ ಹಾಜರಿ ಯಾರು ಹಿಡೀತಾರ?"

"ರೊಕ್ಕ ಕೊಡಾಂವ ಹಿಡೀತಾನ. ಬರೋದಾದ್ರ ಕಳೆ ಕೀಳಾಕ ಬಾ. ಆ ಅಂಗಿ ತಗದಿಟ್ಟ ಬಾ, ಕೆಸರ ಆಗತೈತಿ."

ಅಸ್ಲಮ ಹಾರ್ನ್ ಒತ್ತಿದ. ಕಾಕಾ ಅಲ್ಲೇ ರಸ್ತೆಯಲ್ಲಿ ಗುಂಡಿ ಬಿಚ್ಚಿ, ಅಂಗಿಯನ್ನು ಮಡಚಿ ನನ್ನ ಕೈಗೆ ಕೊಟ್ಟು, ಬನಿಯನ್ನಿನಲ್ಲೇ ಹಿಂದಿನ ಹಲಗೆ ಹತ್ತಿದ. ಅವನ ಕೈಯಲ್ಲಿ ಬುತ್ತಿ ಇರಲಿಲ್ಲ. ಅತ್ತೆಯ ಗಂಟಿಗೆ ಇನ್ನೆರಡು ರೊಟ್ಟಿ ಸೇರಿಸಿ ಕೊಟ್ಟೆ.